ಕರಿ ಡ್ರ್ಯಾಗನ್ನಿನ ಒರೆಗಲ್ಲು

ಮಕ್ಕಳೇ, ಈ ವಾರ ನಿಮಗೊಂದು ಸಣ್ಣ ಕೆಲಸ. ಮನೆಯಲ್ಲಿರುವ ಅಜ್ಜ ಅಜ್ಜಿಯನ್ನು ಕೇಳಿ: "ನೀವು ಕುಡಿಯುವುದು ಟೀಯೋ, ಚಹಾವೋ?" ಮೈಸೂರು ಕಡೆಯವರಾದರೆ ಟೀ ಅನ್ನುತ್ತಾರೆ. ಧಾರವಾಡ, ಬೆಳಗಾವಿ ಕಡೆಯವರಾದರೆ ಚಹಾ ಅನ್ನುತ್ತಾರೆ. ಪಾತ್ರೆಯಲ್ಲಿ ಕುದಿಯುವ ಎಲೆ ಒಂದೇ, ಹೆಸರು ಮಾತ್ರ ಎರಡು. ಆ ಎರಡು ಹೆಸರೂ ಚೀನಾದಿಂದಲೇ ಬಂದವು. ಆ ದೇಶದ ಬಹುಪಾಲು ಜನ ಅದನ್ನು 'ಚಾ' ಎನ್ನುತ್ತಾರೆ. ಅದೇ ನಮ್ಮ ಚಹಾ ಆಯಿತು. ಅಲ್ಲಿನ ಫುಜಿಯಾನ್ ಪ್ರಾಂತ್ಯದ ಕರಾವಳಿಯವರು ಮಾತ್ರ ತಮ್ಮ ಆಡುಮಾತಿನಲ್ಲಿ 'ಟೇ' ಎನ್ನುತ್ತಾರೆ. ಆ ಮಾತನ್ನು ಡಚ್ ವ್ಯಾಪಾರಿಗಳು ಹಡಗಿನಲ್ಲಿ ಯುರೋಪಿಗೆ ಒಯ್ದರು. ಇಂಗ್ಲಿಷರ ಬಾಯಲ್ಲಿ ಅದು ಟೀ ಆಗಿ ನಮ್ಮ ಊರಿಗೂ ಬಂತು.

ಆ ಫುಜಿಯಾನ್ ಪ್ರಾಂತ್ಯವೇ ನಮ್ಮ ಇವತ್ತಿನ ಕಥಾನಾಯಕನ ತವರು. ಅವನ ಹೆಸರು ಊಲಾಂಗ್. ಚೀನೀ ಭಾಷೆಯಲ್ಲಿ ಅದರ ಅರ್ಥ 'ಕರಿ ಡ್ರ್ಯಾಗನ್'. ಹೆದರಬೇಡಿ, ಇದು ಬೆಂಕಿ ಉಗುಳುವುದಿಲ್ಲ. ಇದೊಂದು ಚಹಾ. ಹಾಲಿಲ್ಲದೆ, ಸಕ್ಕರೆಯಿಲ್ಲದೆ, ಬರೀ ಬಿಸಿನೀರಿನಲ್ಲಿ ನೆನೆಸಿ ಕುಡಿಯುವ ಚಹಾ. ಇದನ್ನು ಹುಡುಕಿಕೊಂಡು ಅಮೆರಿಕ, ಯುರೋಪಿನ ಹವ್ಯಾಸಿಗಳು ಸಾವಿರಾರು ಮೈಲಿ ಹೋಗುತ್ತಾರೆ. ಭಾಷೆ ಬಾರದ ಊರಿನಲ್ಲಿ, ಮನೆಯಲ್ಲಿ ಯಾರೂ ಕುಡಿಯದ ಪದಾರ್ಥವನ್ನು, ಮೋಸ ಹೋಗದೆ ಕೊಳ್ಳುವುದು ಹೇಗೆ? ಅವರು ಕಲಿತ ಉಪಾಯ ನಮ್ಮ ಸಂತೆಗೂ ಬರುತ್ತದೆ. ಅದಕ್ಕೇ ಈ ಕಥೆ.

ಮೊದಲು ಊಲಾಂಗ್ ಅಂದರೆ ಏನೆಂದು ತಿಳಿಯೋಣ. ಅಮ್ಮ ಬದನೆಕಾಯಿ ಹೆಚ್ಚಿದ ಕೂಡಲೇ ನೀರಿಗೆ ಹಾಕುವುದನ್ನು ನೋಡಿದ್ದೀರಲ್ಲ? ಹಾಗೇ ಬಿಟ್ಟರೆ ಗಾಳಿ ತಾಗಿ ಕಪ್ಪಾಗುತ್ತದೆ. ಕತ್ತರಿಸಿದ ಸೇಬೂ ಅಷ್ಟೇ. ಚಹಾದ ಎಲೆಯ ಸ್ವಭಾವವೂ ಇದೇ. ಕೊಯ್ದ ಎಲೆಯನ್ನು ಬೇಗ ಬಿಸಿ ಮಾಡಿದರೆ ಕಪ್ಪಾಗುವುದು ನಿಂತುಹೋಗಿ ಹಸಿರು ಚಹಾ ಆಗುತ್ತದೆ. ಎಲೆಯನ್ನು ಚೆನ್ನಾಗಿ ಹಿಸುಕಿ, ಪೂರ್ತಿ ಕಂದಾಗಲು ಬಿಟ್ಟರೆ ನಾವು ದಿನವೂ ಕುಡಿಯುವ ಕಪ್ಪು ಚಹಾ. ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸಿದರೆ ಊಲಾಂಗ್.

ಆ 'ಎಲ್ಲೋ ಒಂದು ಕಡೆ' ಎಂಬುದರಲ್ಲೇ ಕೈಚಳಕವಿದೆ. ಎಲೆಯನ್ನು ಬಿಸಿಲಿನಲ್ಲಿ ಬಾಡಿಸುತ್ತಾರೆ. ಬಿದಿರಿನ ತಟ್ಟೆಗಳಲ್ಲಿ ಹರಡಿ, ನಾವು ಮೊರದಲ್ಲಿ ಅಕ್ಕಿ ಕೇರಿದಂತೆ ಕುಲುಕುತ್ತಾರೆ. ಅಂಚು ಮಾತ್ರ ಜಜ್ಜಿದಂತಾಗಬೇಕು, ನಡುಭಾಗ ಹಸಿರಾಗಿಯೇ ಉಳಿಯಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕುಲುಕುತ್ತಾರೆ. ಹೀಗೆ ರಾತ್ರಿಯೆಲ್ಲ ಎದ್ದಿದ್ದು, ಮೂಗಿನಿಂದಲೇ ಸಮಯ ನೋಡುತ್ತಾರೆ. ಹಸಿ ಸೊಪ್ಪಿನ ವಾಸನೆ ಹೋಗಿ ಹೂವಿನ ಪರಿಮಳ ಬಂದಾಗ ಕೆಲವರು ಬಾಣಲೆಗೆ ಹಾಕಿ ನಿಲ್ಲಿಸುತ್ತಾರೆ. ಇನ್ನು ಕೆಲವರು ಹಣ್ಣಿನ ಪರಿಮಳ ಬರುವವರೆಗೆ ಕಾಯುತ್ತಾರೆ. ಆಮೇಲೆ ಎಲೆಯನ್ನು ಹೊಸೆದು, ಒಣಗಿಸಿ, ಕೆಲವು ಬಗೆಗಳನ್ನು ಇದ್ದಿಲ ಕೆಂಡದ ಮೇಲೆ ಹದವಾಗಿ ಹುರಿಯುತ್ತಾರೆ.

ಈ ಚಹಾಕ್ಕೆ ಹೆಸರಾದ ಊರುಗಳು ಮುಖ್ಯವಾಗಿ ನಾಲ್ಕು. ಫುಜಿಯಾನ್ ಪ್ರಾಂತ್ಯದ ಉತ್ತರದಲ್ಲಿ ವುಯಿ ಬೆಟ್ಟ. ಅದೇ ಪ್ರಾಂತ್ಯದ ದಕ್ಷಿಣದಲ್ಲಿ ಅನ್‌ಶಿ. ಪಕ್ಕದ ಗುವಾಂಗ್‌ಡಾಂಗ್ ಪ್ರಾಂತ್ಯದ ಫೀನಿಕ್ಸ್ ಬೆಟ್ಟ. ಸಮುದ್ರದಾಚೆ ತೈವಾನ್ ದ್ವೀಪ. ಪೋರ್ಚುಗೀಸರು ಆ ದ್ವೀಪಕ್ಕೆ ಫಾರ್ಮೋಸಾ, ಅಂದರೆ ಚೆಲುವೆ, ಎಂದು ಹೆಸರಿಟ್ಟಿದ್ದರು.

ಪಶ್ಚಿಮದವರು ಚಹಾ ಕುಡಿಯಲು ಶುರುಮಾಡಿ ಎಷ್ಟೋ ಕಾಲವಾದರೂ ಅದು ಏನೆಂದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಗಿಡಗಳಿಗೆಲ್ಲ ಶಾಸ್ತ್ರೀಯ ಹೆಸರಿಟ್ಟ ಸ್ವೀಡನ್ನಿನ ಮಹಾಪಂಡಿತ ಲಿನೇಯಸ್ 1762ರಲ್ಲಿ ಹಸಿರು ಚಹಾ ಒಂದು ಗಿಡದ್ದು, ಕಪ್ಪು ಚಹಾ ಇನ್ನೊಂದು ಗಿಡದ್ದು ಎಂದು ಬರೆದರು. 1773ರ ಡಿಸೆಂಬರ್‌ನಲ್ಲಿ ಅಮೆರಿಕದ ಬೋಸ್ಟನ್ ಬಂದರಿನಲ್ಲಿ ಜನ ಸಿಟ್ಟಿನಿಂದ 340ಕ್ಕೂ ಹೆಚ್ಚು ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಎಸೆದ ಕಥೆಯನ್ನು ದೊಡ್ಡ ತರಗತಿಯವರು ಓದಿರುತ್ತೀರಿ. ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವು 'ಬೋಹಿ' ಚಹಾ. ಬೋಹಿ ಎಂದರೆ ಬೇರೇನಲ್ಲ, ವುಯಿ ಎಂಬ ಹೆಸರೇ ಪರದೇಶದ ಬಾಯಲ್ಲಿ ತಿರುಚಿಕೊಂಡದ್ದು.

ಹಸಿರಿಗೂ ಕಪ್ಪಿಗೂ ಗಿಡ ಒಂದೇ, ತಯಾರಿಸುವ ರೀತಿ ಬೇರೆ ಎಂದು 1840ರ ದಶಕದಲ್ಲಿ ಕಣ್ಣಾರೆ ನೋಡಿ ಬರೆದವರು ಸ್ಕಾಟ್ಲೆಂಡಿನ ತೋಟಗಾರ ರಾಬರ್ಟ್ ಫಾರ್ಚೂನ್. ಎರಡನೆಯ ಸಲ ಈಸ್ಟ್ ಇಂಡಿಯಾ ಕಂಪನಿ ಅವರನ್ನು ಕಳಿಸಿತು. ತಲೆ ಬೋಳಿಸಿ, ಜಡೆ ಕಟ್ಟಿ, ಚೀನೀ ಬಟ್ಟೆ ತೊಟ್ಟು, ವೇಷ ಮರೆಸಿಕೊಂಡು 1849ರಲ್ಲಿ ವುಯಿ ಬೆಟ್ಟಕ್ಕೆ ಹೋದರು. ಅವರು ಕಳಿಸಿದ ಸಾವಿರಾರು ಸಸಿಗಳು ನಮ್ಮ ದೇಶದ ಹಿಮಾಲಯದ ತಪ್ಪಲಿಗೆ ಬಂದವು. ಸಾಹಸ ದೊಡ್ಡದೇ. ಆದರೆ ಬೇರೆಯವರ ಮನೆಯ ಗುಟ್ಟನ್ನು ಹೇಳದೆ ಕೇಳದೆ ತಂದದ್ದೂ ಹೌದು. ಎರಡನ್ನೂ ನೆನಪಿಡೋಣ.

ಇನ್ನೊಬ್ಬ ಸ್ಕಾಟ್ಲೆಂಡಿನವರ ದಾರಿ ಬೇರೆ. ಅವರ ಹೆಸರು ಜಾನ್ ಡಾಡ್. 1860ರ ದಶಕದಲ್ಲಿ ತೈವಾನಿಗೆ ಬಂದು ನೆಲೆಸಿದ ವ್ಯಾಪಾರಿ. ಲೀ ಚುನ್‌ಶೆಂಗ್ ಎಂಬ ಚೀನೀ ಸಹಾಯಕರ ಜೊತೆಗೂಡಿ, ಅನ್‌ಶಿಯಿಂದ ಚಹಾ ಸಸಿ ತರಿಸಿ, ತೈವಾನಿನ ರೈತರಿಗೆ ಸಾಲ ಕೊಟ್ಟು ಬೆಳೆಸಿದರು. (ಸಾಲ ಎಂಬ ಮಾತು ಬಂದರೆ ಹಳೆಯ ಬ್ಯಾಂಕಿನವನ ಕಿವಿ ನೆಟ್ಟಗಾಗುತ್ತದೆ, ಏನು ಮಾಡಲಿ!) 1869ರಲ್ಲಿ ಎರಡು ಹಡಗುಗಳಲ್ಲಿ 2,131 ಪಿಕಲ್ ಊಲಾಂಗ್ ನೇರವಾಗಿ ನ್ಯೂಯಾರ್ಕಿಗೆ ಹೊರಟಿತು. ಒಂದು ಪಿಕಲ್ ಎಂದರೆ ಸುಮಾರು 60 ಕಿಲೋ. ಒಟ್ಟು ಎಷ್ಟಾಯಿತು? 1 ಲಕ್ಷ 27 ಸಾವಿರ ಕಿಲೋಗೂ ಹೆಚ್ಚು. ತೈವಾನಿನ ಹೆಸರು ಹೊತ್ತು ಹೋದ 'ಫಾರ್ಮೋಸಾ ಊಲಾಂಗ್' ಅಮೆರಿಕದವರ ನಾಲಿಗೆಗೆ ಹಿಡಿಸಿತು.

ಈಗಿನ ಕಾಲದ ಹವ್ಯಾಸಿಯನ್ನು ನೋಡಬೇಕೆಂದರೆ 2007ರ 'ಆಲ್ ಇನ್ ದಿಸ್ ಟೀ' ಎಂಬ ಸಾಕ್ಷ್ಯಚಿತ್ರವಿದೆ. ಲೆಸ್ ಬ್ಲಾಂಕ್ ಮತ್ತು ಜೀನಾ ಲೈಬ್ರೆಕ್ಟ್ ತೆಗೆದದ್ದು. ಅದರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಲೀ ಹಾಫ್‌ಮನ್ ಎಂಬ ಚಹಾ ವ್ಯಾಪಾರಿ ಚೀನಾದ ಹಳ್ಳಿಹಳ್ಳಿಗೆ ಹೋಗುತ್ತಾರೆ. ಎಲೆಗೆ ಮೂಗು ಹಿಡಿದು ಮೂಸುತ್ತಾರೆ. ಕೈಯಲ್ಲಿ ಮಾಡಿದ ಒಳ್ಳೆಯ ಚಹಾವನ್ನು ರೈತರ ಹತ್ತಿರವೇ ನೇರವಾಗಿ ಕೊಳ್ಳಬೇಕೆಂದು ಹಟ ಹಿಡಿಯುತ್ತಾರೆ. ಮೂಸುವುದು, ಕುಡಿಯುವುದು, ಬೆಳೆದವನ ಮುಖ ನೋಡಿ ಕೊಳ್ಳುವುದು. ಇಷ್ಟೇ ಅವರ ವಿದ್ಯೆ.

ಇಷ್ಟೇ ಎಂದೆ, ಆದರೆ ಅಷ್ಟು ಸುಲಭವಲ್ಲ. ಏಕೆಂದರೆ ಚಹಾಕ್ಕಿಂತ ಮೊದಲು ಚಹಾದ ಕಥೆ ಎದುರಿಗೆ ಬಂದು ನಿಲ್ಲುತ್ತದೆ.

ವುಯಿ ಬೆಟ್ಟದ ಬಂಡೆಯ ಸಂದಿನಲ್ಲಿ ಆರು ಹಳೆಯ ಚಹಾ ಗಿಡಗಳಿವೆ. ಹೆಸರು 'ದಾ ಹೊಂಗ್ ಪಾವ್', ಅಂದರೆ ದೊಡ್ಡ ಕೆಂಪು ನಿಲುವಂಗಿ. ಹಿಂದೆ ಒಬ್ಬ ರಾಜಮಾತೆಯ ಕಾಯಿಲೆ ಈ ಚಹಾದಿಂದ ವಾಸಿಯಾಯಿತಂತೆ, ರಾಜ ಸಂತೋಷಪಟ್ಟು ಗಿಡಗಳಿಗೆ ಕೆಂಪು ನಿಲುವಂಗಿ ಹೊದಿಸಿದನಂತೆ. ಕಥೆ ಚಂದ. 2002ರಲ್ಲಿ ಆ ಗಿಡಗಳ 20 ಗ್ರಾಂ ಎಲೆ 1 ಲಕ್ಷ 80 ಸಾವಿರ ಯುವಾನಿಗೆ ಹೋಯಿತು. ಅಂದರೆ ಗ್ರಾಮಿಗೆ 9,000 ಯುವಾನ್! ಈಗ ಆ ಆರು ಗಿಡಗಳಿಂದ ಎಲೆ ಕೊಯ್ಯುವುದನ್ನೇ ನಿಲ್ಲಿಸಿದ್ದಾರೆ. ಹಾಗಾದರೆ ಅಂಗಡಿಯಲ್ಲಿ ಅದೇ ಹೆಸರಿನ ಡಬ್ಬಿಗಳು ಸಾಲಾಗಿ ಕೂತಿವೆಯಲ್ಲ, ಅವು ಏನು? ಆ ಗಿಡಗಳ ಕೊಂಬೆ ನೆಟ್ಟು ಬೆಳೆಸಿದ ಗಿಡಗಳದ್ದು, ಇಲ್ಲವೇ ಆ ಬೆಟ್ಟದ ಬೇರೆ ಬೇರೆ ಎಲೆ ಬೆರೆಸಿದ್ದು. ಅದರಲ್ಲೂ ಬಹಳ ಒಳ್ಳೆಯದಿದೆ, ಸಾಧಾರಣದ್ದೂ ಇದೆ. ರಾಜಮಾತೆಯ ಕಥೆ ಮಾತ್ರ ಎಲ್ಲ ಡಬ್ಬಿಯ ಮೇಲೂ ಒಂದೇ.

ತದ್ವಿರುದ್ಧವಾದ ಕಥೆಯೂ ಇದೆ. ಫೀನಿಕ್ಸ್ ಬೆಟ್ಟದ ಒಂದು ಹೆಸರಾಂತ ಊಲಾಂಗಿನ ಹೆಸರು ಕೇಳಿದರೆ ನೀವು ಬಿದ್ದು ಬಿದ್ದು ನಗುತ್ತೀರಿ: 'ಬಾತುಕೋಳಿ ಹಿಕ್ಕೆಯ ಪರಿಮಳ'! ನಿಜವಾಗಿ ಅದರದು ಹೂವಿನ ಘಮ. ಯಾರೂ ಗಿಡ ಕದಿಯದಿರಲಿ ಎಂದು ರೈತನೊಬ್ಬ ಬೇಕೆಂದೇ ಆ ಹೆಸರಿಟ್ಟನೆಂದು ಅಲ್ಲಿಯವರು ಹೇಳುತ್ತಾರೆ. ಹೆಸರು ನೋಡಿ ಮೂಗು ಮುಚ್ಚಿಕೊಂಡವನಿಗೆ ಆ ಘಮ ಸಿಗುವುದಿಲ್ಲ.

ಮೂರನೆಯದು ತೈವಾನಿನ ಶಿನ್‌ಚು ಕಡೆಯದು. ಬೇಸಿಗೆಯಲ್ಲಿ ಅಲ್ಲಿ ಒಂದು ಪುಟ್ಟ ಹಸಿರು ಜಿಗಿಹುಳ ಚಹಾದ ಚಿಗುರನ್ನು ಕಚ್ಚಿ ರಸ ಹೀರುತ್ತದೆ. ಚಿಗುರು ಮುರುಟಿಹೋಗುತ್ತದೆ. ಒಬ್ಬ ರೈತ ಹಾಳಾದ ಎಲೆಯೆಂದು ಬಿಸಾಡದೆ ಅದರಿಂದಲೇ ಚಹಾ ಮಾಡಿ ಪೇಟೆಗೆ ಒಯ್ದನಂತೆ. ಒಳ್ಳೆಯ ಬೆಲೆ ಬಂತಂತೆ. ಊರಿಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ. "ಬಡಾಯಿ ಕೊಚ್ಚಬೇಡ" ಎಂದರು. ಹಾಗಾಗಿ ಅದಕ್ಕೆ 'ಬಡಾಯಿ ಚಹಾ' ಎಂದೇ ಹೆಸರಾಯಿತು. ಪರದೇಶಗಳಲ್ಲಿ ಅದನ್ನೇ 'ಓರಿಯೆಂಟಲ್ ಬ್ಯೂಟಿ', ಅಂದರೆ ಪೂರ್ವದ ಸುಂದರಿ, ಎಂದು ಮಾರುತ್ತಾರೆ. ರೈತನ ಕಥೆ ದಂತಕಥೆಯಿರಬಹುದು, ಆದರೆ ಹುಳದ ಮಾತು ವಿಜ್ಞಾನಿಗಳೂ ಒಪ್ಪಿದ್ದು. ಹುಳ ಕಚ್ಚಿದಾಗ ಗಿಡವು ಆ ಹುಳವನ್ನು ತಿನ್ನುವ ಪ್ರಾಣಿಗಳನ್ನು ಕರೆಯಲು ಕೆಲವು ಪರಿಮಳದ ವಸ್ತುಗಳನ್ನು ಹೊರಬಿಡುತ್ತದೆ. ಅದೇ ಚಹಾದಲ್ಲಿ ಜೇನಿನ, ಮಾಗಿದ ಹಣ್ಣಿನ ಘಮವಾಗುತ್ತದೆ. ಹುಳ ಬೇಕಾದ್ದರಿಂದ ಆ ತೋಟಕ್ಕೆ ಕೀಟನಾಶಕ ಹೊಡೆಯುವಂತಿಲ್ಲ.

ಒಂದಕ್ಕೆ ರಾಜನ ಹೆಸರು, ಒಂದಕ್ಕೆ ಹಿಕ್ಕೆಯ ಹೆಸರು, ಒಂದಕ್ಕೆ ಬಡಾಯಿಯ ಹೆಸರು. ಹೆಸರು ನಂಬಿ ಕೊಳ್ಳುವ ಪರದೇಶದವನ ಗತಿ ಏನು?

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಚಿನ್ನದ ಸಾಲದ ಕೌಂಟರಿನಲ್ಲಿ ಕೆಲವು ವರ್ಷ ಕೂತಿದ್ದೇನೆ. ಒಡವೆ ತಂದವರು ಅದರ ಕಥೆ ಹೇಳುತ್ತಿದ್ದರು. ಅಜ್ಜಿಯ ಕಾಲದ್ದು, ಮುಂಬಯಿಯಿಂದ ತಂದದ್ದು, ಅಪ್ಪಟ ಚಿನ್ನ. ಚಿನ್ನ ಪರೀಕ್ಷಿಸುವ ಆಚಾರ್ರು ಎಲ್ಲವನ್ನೂ ಮರ್ಯಾದೆಯಿಂದ ಕೇಳುತ್ತಿದ್ದರು. ಆಮೇಲೆ ಒರೆಗಲ್ಲಿಗೆ ತಿಕ್ಕುತ್ತಿದ್ದರು. ಸಾಲ ಸಿಗುತ್ತಿದ್ದದ್ದು ಕಥೆಗಲ್ಲ, ಕಲ್ಲಿನ ಮೇಲೆ ಮೂಡಿದ ಗೆರೆಗೆ.

ಚಹಾದ ಒರೆಗಲ್ಲು ಕುದಿಯುವ ನೀರು. ತೈವಾನಿನ ಚಹಾ ಸ್ಪರ್ಧೆಗಳಲ್ಲಿ ತೀರ್ಪುಗಾರರು ಹೀಗೆ ಮಾಡುತ್ತಾರೆ: ಪ್ರತಿಯೊಂದು ಚಹಾದಿಂದ 3 ಗ್ರಾಂ ತೂಗಿ, ಒಂದೇ ಅಳತೆಯ ಬಿಳಿ ಬಟ್ಟಲುಗಳಿಗೆ ಹಾಕುತ್ತಾರೆ. 150 ಮಿಲಿಲೀಟರ್ ಕುದಿನೀರು ಸುರಿದು ಐದಾರು ನಿಮಿಷ ಬಿಡುತ್ತಾರೆ. ಮನೆಯಲ್ಲಿ ಇಷ್ಟು ಹೊತ್ತು ಬಿಟ್ಟು ಯಾರೂ ಕುಡಿಯುವುದಿಲ್ಲ, ಕಹಿಯಾಗಬಹುದು. ಅದೇ ಬೇಕಾದದ್ದು! ಸೀರೆಯನ್ನು ಅಂಗಡಿಯ ದೀಪದಲ್ಲಿ ನೋಡದೆ ಬಾಗಿಲ ಬಿಸಿಲಿಗೆ ತಂದು ಅಜ್ಜಿ ನೋಡುತ್ತಾರಲ್ಲ, ಹಾಗೆ. ಒಳಗಿರುವ ಗುಣ ದೋಷ ಎರಡೂ ಹೊರಬರಬೇಕು. ಬಟ್ಟಲಿಗೆ ಅಂಕಿ ಇರುತ್ತದೆ, ಹೆಸರಿರುವುದಿಲ್ಲ.

ಪಶ್ಚಿಮದ ಜಾಣ ಹವ್ಯಾಸಿಗಳು ಇದನ್ನೇ ಮನೆಯಲ್ಲೂ ಮಾಡುತ್ತಾರೆ. ಎರಡು ಮೂರು ಬಗೆಯನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಒಂದೇ ಇದ್ದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಎರಡಿದ್ದರೆ ವ್ಯತ್ಯಾಸ ತಾನೇ ಮಾತಾಡುತ್ತದೆ. ಮೊದಲು ಒಣ ಎಲೆ ಮೂಸುವುದು. ಆಮೇಲೆ ಬಿಸಿ ಮುಚ್ಚಳ ಮೂಸುವುದು. ನೀರಿನ ಬಣ್ಣ ತಿಳಿಯಾಗಿದೆಯೇ ನೋಡುವುದು. ಚಮಚದಿಂದ 'ಸೊರ್' ಎಂದು ಸದ್ದು ಮಾಡಿ ಹೀರುವುದು. ಮಕ್ಕಳೇ, ಊಟಕ್ಕೆ ಕೂತಾಗ ಇದನ್ನು ಮಾಡಿದರೆ ಬೈಗುಳ ಖಂಡಿತ. ಆದರೆ ಚಹಾ ಪರೀಕ್ಷೆಯಲ್ಲಿ ಇದು ಕರ್ತವ್ಯ. ಗಾಳಿಯ ಜೊತೆ ಹೀರಿದರೆ ಪರಿಮಳ ಮೂಗಿನ ಒಳದಾರಿಗೆ ಏರುತ್ತದೆ.

ಕೊನೆಗೆ, ನುಂಗಿದ ಮೇಲೆ ಸ್ವಲ್ಪ ಸುಮ್ಮನಿರಬೇಕು. ಬೆಟ್ಟದ ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಏನಾಗುತ್ತದೆ? ಒಗರು ಹೋಗಿ ಬಾಯೆಲ್ಲ ಸಿಹಿ. ಒಳ್ಳೆಯ ಊಲಾಂಗಿನಲ್ಲೂ ಹಾಗೆಯೇ ಗಂಟಲಿಂದ ಒಂದು ಸಿಹಿ ಹಿಂದಿರುಗಿ ಬರುತ್ತದೆ. ಚೀನೀಯರು ಅದಕ್ಕೆ 'ಹುಯಿ ಗಾನ್' ಎನ್ನುತ್ತಾರೆ, ಮರಳಿ ಬರುವ ಸಿಹಿ. ನಾಲಿಗೆಗೆ ಮೊದಲು ತಾಗಿದ ಘಮ ಬೇರೆ ಕಡೆಯಿಂದ ಬೆರೆಸಿದ್ದಿರಬಹುದು, ಈ ಸಿಹಿಯನ್ನು ಬೆರೆಸುವುದು ಅಷ್ಟು ಸುಲಭವಲ್ಲ.

ಕುಡಿದಾದ ಮೇಲೆ ಬಟ್ಟಲಿನ ಎಲೆಯನ್ನು ಬಿಡಿಸಿ ನೋಡಬೇಕು. ಗುಂಡಗೆ ಸುತ್ತಿದ್ದ ಎಲೆ ನೀರಿನಲ್ಲಿ ಅರಳಿ ಇಡೀ ಎಲೆಯಾಗಿ ನಿಂತರೆ ಸಂತೋಷ. ಬರೀ ಚೂರು ಸಿಕ್ಕಿದರೆ ಅಂಗಡಿಯವರಿಗೆ ಒಂದು ಪ್ರಶ್ನೆ ಕೇಳಬೇಕು.

ಇನ್ನು ಲೆಕ್ಕ. ಇದು ನನ್ನ ಜಾಗ. ಚೀನಾದಲ್ಲೂ ತೈವಾನಿನಲ್ಲೂ ಚಹಾವನ್ನು 'ಜಿನ್' ಎಂಬ ತೂಕದಲ್ಲಿ ಮಾರುತ್ತಾರೆ. ಹೆಸರು ಒಂದೇ, ತೂಕ ಬೇರೆ! ಚೀನಾದ ಜಿನ್ ಎಂದರೆ 500 ಗ್ರಾಂ, ತೈವಾನಿನದು 600 ಗ್ರಾಂ. ಜಿನ್‌ನ ಒಳಗಿನ ಸಣ್ಣ ತೂಕ 'ಲಿಯಾಂಗ್'. ಚೀನಾದಲ್ಲಿ 10 ಲಿಯಾಂಗಿಗೆ ಒಂದು ಜಿನ್, ಆದ್ದರಿಂದ ಒಂದು ಲಿಯಾಂಗ್ 50 ಗ್ರಾಂ. ತೈವಾನಿನಲ್ಲಿ 16 ಲಿಯಾಂಗಿಗೆ ಒಂದು ಜಿನ್, ಅಂದರೆ 37.5 ಗ್ರಾಂ. ನಮ್ಮ ಅಜ್ಜಂದಿರ ಕಾಲದಲ್ಲಿ ಸೇರು ಊರಿಂದೂರಿಗೆ ಬದಲಾಗುತ್ತಿದ್ದ ಹಾಗೆ. ಇಲ್ಲಿ ಜಿನ್‌ಗೆ 500 ನಾಣ್ಯ, ಅಲ್ಲಿ 570 ನಾಣ್ಯ ಎಂದರೆ ಮೊದಲನೆಯದು ಅಗ್ಗ ಎನಿಸುತ್ತದೆ. ಗ್ರಾಮಿಗೆ ಲೆಕ್ಕ ಹಾಕಿ: ಇಲ್ಲಿ 1 ನಾಣ್ಯ, ಅಲ್ಲಿ 95 ಪೈಸೆ. ಅನುಭವಸ್ಥರು ಬೆಲೆಯನ್ನು ಮೊದಲು ಗ್ರಾಮಿಗೆ ಇಳಿಸಿಯೇ ಯೋಚಿಸುತ್ತಾರೆ.

ಅವರ ಎರಡನೆಯ ನಿಯಮ, ಮೊದಲ ಸಲ ಸ್ವಲ್ಪವೇ ಕೊಳ್ಳುವುದು. 25 ಗ್ರಾಂ ಸಾಕು, ನಾಲ್ಕೈದು ಸಲಕ್ಕೆ ಆಗುತ್ತದೆ. ಅಂಗಡಿಯಲ್ಲಿ ಯಜಮಾನರು ಚಂದದ ಪುಟ್ಟ ಬಟ್ಟಲಿನಲ್ಲಿ ಹಾಕಿಕೊಟ್ಟಾಗ, ಅವರ ನೀರು, ಅವರ ಕೈ, ಅವರ ಮಾತು ಮೂರೂ ಸೇರಿರುತ್ತವೆ. ಮನೆಯ ನೀರಿನಲ್ಲಿ ಅದು ಹೇಗಿರುತ್ತದೆಂದು ತಿಳಿದ ಮೇಲೆ ಉಳಿದದ್ದು. ಮನೆಗೆ ತಂದದ್ದನ್ನು ಬೆಳಕು, ತೇವ, ವಾಸನೆ ತಾಗದಂತೆ ಇಡಬೇಕು. ಇಂಗಿನ ಡಬ್ಬಿಯ ಪಕ್ಕದಲ್ಲಿಟ್ಟರೆ ಡ್ರ್ಯಾಗನ್ ಸಾರಿಗೆ ಒಗ್ಗರಣೆಯಾಗುತ್ತದೆ ಅಷ್ಟೇ!

ಮೂರನೆಯದು ಊರಿನ ಹೆಸರಿನ ಮಾತು. ತೈವಾನಿನ ಎತ್ತರದ ಬೆಟ್ಟದ ಚಹಾಕ್ಕೆ ಬೆಲೆ ಹೆಚ್ಚು. ಸಾವಿರ ಮೀಟರಿಗಿಂತ ಮೇಲೆ ಚಳಿಗೆ ಗಿಡ ನಿಧಾನವಾಗಿ ಬೆಳೆಯುತ್ತದೆ, ಎಲೆ ಮಂದವಾಗಿರುತ್ತದೆ, ಇಳುವರಿ ಕಡಿಮೆ. ಆದರೆ ತೈವಾನ್ ತಾನು ಬೆಳೆಯುವುದಕ್ಕಿಂತ ಹೆಚ್ಚು ಚಹಾವನ್ನು ಹೊರಗಿನಿಂದ ತರಿಸುತ್ತದೆ. ವಿಯೆಟ್ನಾಮಿನ ಎಲೆ ಅಲ್ಲಿನ ಬೆಟ್ಟದ ಹೆಸರಿನಲ್ಲಿ ಮಾರಾಟವಾದ ಪ್ರಕರಣಗಳೂ ಇವೆ. ವಿಯೆಟ್ನಾಮಿನ ಚಹಾ ಕೆಟ್ಟದೆಂದಲ್ಲ. ತನ್ನ ಹೆಸರಿನಲ್ಲೇ ಬಂದರೆ ಅದಕ್ಕೂ ಮರ್ಯಾದೆಯಿದೆ. ಸುಳ್ಳು ಚೀಟಿ ಅಂಟಿಸಿದಾಗ ಕೊಂಡವನಿಗೆ ಒಂದು ಸಲ ನಷ್ಟ, ಆ ಬೆಟ್ಟದಲ್ಲಿ ರಾತ್ರಿಯೆಲ್ಲ ಎದ್ದು ಎಲೆ ಕುಲುಕಿದವನಿಗೆ ಪ್ರತಿ ವರ್ಷ ನಷ್ಟ. ನಾವು ನಾಲಿಗೆಯನ್ನು ಪಳಗಿಸಿಕೊಳ್ಳುವುದು ನಮ್ಮ ಹಣ ಉಳಿಸಲು ಮಾತ್ರವಲ್ಲ. ಒಳ್ಳೆಯ ಕೆಲಸ ಮಾಡಿದವನಿಗೆ ಸಲ್ಲಬೇಕಾದ್ದು ಅವನಿಗೇ ಸಲ್ಲಲಿ ಎಂಬುದಕ್ಕೂ ಹೌದು.

ಅದೇ ಕಾರಣಕ್ಕೆ ಒಳ್ಳೆಯ ಹವ್ಯಾಸಿ ಒಂದು ರೀತಿ ಪಾಲಿಸುತ್ತಾನೆ. ಮಾರುವವರು ಹತ್ತು ಬಗೆ ಕುಡಿಸಿದ ಮೇಲೆ ಬರಿಗೈಯಲ್ಲಿ ಏಳುವುದಿಲ್ಲ. ಹಿಡಿಸಿದ್ದನ್ನು ಸ್ವಲ್ಪ ಕೊಳ್ಳುತ್ತಾನೆ. ಹಿಡಿಸದಿದ್ದರೆ ಮೆತ್ತಗೆ ಹೇಳುತ್ತಾನೆ. ಹಿಡಿಸಿದ್ದನ್ನು ಕೆಟ್ಟದೆಂದು ಹೇಳಿ ಬೆಲೆ ಇಳಿಸುವುದಿಲ್ಲ.

ಅಜ್ಜ ಅಜ್ಜಿಯರೇ, ನಿಮಗೆ ಇದೆಲ್ಲ ಹೊಸದಲ್ಲ. ಕಾಫಿ ಪುಡಿ ಅಂಗಡಿಯಲ್ಲಿ ನಿಂತು ಪೀಬೆರಿ ಎಷ್ಟು, ಚಿಕೋರಿ ಎಷ್ಟು ಎಂದು ಹೇಳಿಸಿ ಪುಡಿ ಮಾಡಿಸಿದವರು ನೀವು. ಎರಡು ಅಕ್ಕಿಕಾಳು ಬಾಯಿಗೆ ಹಾಕಿ ಕಚ್ಚಿ, ಹಳೆಯ ಅಕ್ಕಿಯೋ ಹೊಸದೋ ಹೇಳಿದವರು ನೀವು. ಬೆಲ್ಲ, ಹುಣಸೆಹಣ್ಣು, ತುಪ್ಪ, ಎಲ್ಲದಕ್ಕೂ ನಿಮ್ಮ ಹತ್ತಿರ ಒಂದೊಂದು ಒರೆಗಲ್ಲು ಇದೆ. ಪೊಟ್ಟಣದ ಮೇಲಿನ ಅಕ್ಷರ ಮಾತ್ರ ನೋಡಿ ಬೆಳೆಯುತ್ತಿರುವ ಮೊಮ್ಮಕ್ಕಳಿಗೆ ಅದನ್ನು ಕೊಟ್ಟು ಹೋಗುವವರು ನೀವಲ್ಲದೆ ಇನ್ನಾರು?

ಈ ಭಾನುವಾರ ಹೀಗೆ ಮಾಡಿ. ಊಲಾಂಗ್ ನಮ್ಮ ನೀಲಗಿರಿ, ಡಾರ್ಜಿಲಿಂಗ್ ತೋಟಗಳಲ್ಲೂ ಸ್ವಲ್ಪ ತಯಾರಾಗುತ್ತದೆ. ಸಿಕ್ಕಿದರೆ ಸರಿ, ಸಿಗದಿದ್ದರೆ ಬೆಲ್ಲ ಸಾಕು. ಮೂರು ಅಂಗಡಿಯ ಬೆಲ್ಲ ತನ್ನಿ. ಮೂರು ಬಟ್ಟಲಿಗೆ ಒಂದೇ ತೂಕ ಹಾಕಿ. ಬಟ್ಟಲಿನ ಅಡಿಯಲ್ಲಿ ಅಂಗಡಿಯ ಹೆಸರು, ಬೆಲೆ ಬರೆದ ಚೀಟಿ ಇಡಿ. ಮನೆಯವರೆಲ್ಲ ರುಚಿ ನೋಡಿ ಅಂಕ ಕೊಡಿ. ಆಮೇಲೆ ಚೀಟಿ ತೆಗೆಯಿರಿ. ಚಹಾದಲ್ಲೇ ಮಾಡುವುದಾದರೆ ಚಿಕ್ಕವರಿಗೆ ಒಂದು ಗುಟುಕು ಸಾಕು, ಮಲಗುವ ಹೊತ್ತಿಗಂತೂ ಬೇಡ. ಊಲಾಂಗಿನಲ್ಲೂ ಕೆಫೀನ್ ಇದೆ.

ಈ ವಾರದ ಲೆಕ್ಕ: ಊಲಾಂಗಿನ ಒಂದೇ ಎಲೆಗೆ ಮತ್ತೆ ಮತ್ತೆ ಬಿಸಿನೀರು ಹಾಕಿ ಕುಡಿಯಬಹುದು. ಒಂದು ಚಹಾ 6 ಗ್ರಾಮಿಗೆ 60 ರೂಪಾಯಿ, ಎಂಟು ಸಲ ನೀರು ಹಾಕಿದರೂ ರುಚಿ ಕೊಡುತ್ತದೆ. ಇನ್ನೊಂದು 6 ಗ್ರಾಮಿಗೆ 30 ರೂಪಾಯಿ, ಮೂರು ಸಲಕ್ಕೇ ಸಪ್ಪೆ. ಪ್ರತಿ ಸಲದ ಲೆಕ್ಕದಲ್ಲಿ ಯಾವುದು ಅಗ್ಗ, ಎಷ್ಟು ಅಗ್ಗ? ಉತ್ತರ ಮುಂದಿನ ವಾರ. ಅಷ್ಟರೊಳಗೆ ನಿಮ್ಮ ಮನೆಯ ಬೆಲ್ಲದ ಪರೀಕ್ಷೆಯಲ್ಲಿ ಯಾವ ಬಟ್ಟಲು ಗೆದ್ದಿತೆಂದು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ.